ಹಳೆಯ ಜೀಪಿನ ಕೀಲಿಕೈ

ಗುಬ್ಬಿಯ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಭಾವನವರ ಮನೆಯಲ್ಲಿ ಒಂದು ಜೀಪಿದೆ. ಅವರ ತಂದೆಯವರು 1960ರ ದಶಕದಲ್ಲಿ ಕೊಂಡದ್ದು. ತೆಂಗಿನಕಾಯಿ, ಅಡಿಕೆ ಮೂಟೆ, ಬಾಣಂತಿ, ಮದುವೆಯ ದಿಬ್ಬಣ, ಹೀಗೆ ಅದು ಹೊರದ ಹೊರೆಯಿಲ್ಲ. ಪೆಟ್ರೋಲು ದುಬಾರಿಯಾದ ಕಾಲದಲ್ಲಿ ಅದರ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಇದು ನಮ್ಮ ನಾಡಿನಲ್ಲಿ ಅಪರೂಪದ ಸಂಗತಿಯೇನಲ್ಲ. ಮಹೀಂದ್ರ ಸಂಸ್ಥೆಯವರು 1947ರ ನಂತರ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪುಗಳು ಪೆಟ್ರೋಲಿನವು. ಮುಂದೆ ಅದೇ ಸಂಸ್ಥೆಯ ಜೀಪುಗಳಿಗೆ ಪ್ಯೂಜೊ ಡೀಸೆಲ್ ಎಂಜಿನ್ ಬಂತು. ಹಳೆಯ ಜೀಪಿನವರೂ, ಅಂಬಾಸಿಡರ್ ಕಾರಿನವರೂ ಊರೂರಲ್ಲಿ ಇಂಥ ಬದಲಾವಣೆ ಮಾಡಿಸಿಕೊಂಡರು.

ಹೋದ ವರ್ಷ ಈ ಜೀಪಿನಲ್ಲಿ ಕುಣಿಗಲಿನ ಒಂದು ಮದುವೆಗೆ ಹೊರಟೆವು. ತುಮಕೂರು ದಾಟಿದ ಮೇಲೆ ಕಾಫಿಗೆಂದು ನಿಂತು, ಮತ್ತೆ ಹೊರಡಲು ಭಾವ ಕೀಲಿ ತಿರುಗಿಸಿದರೆ ಮೀಟರು ಹಲಗೆಯ ಕೆಳಗಿನಿಂದ ಹೊಗೆ! ಮುಂದೆ ಅಕ್ಕ, ಹಿಂದೆ ಮಕ್ಕಳು. ಎಲ್ಲರನ್ನೂ ಇಳಿಸಿ, ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಕಿತ್ತ ಮೇಲೆ ಹೊಗೆ ನಿಂತಿತು.

"ಭಾವ, ಇನ್ನು ಇದನ್ನು ಗುಜರಿಗೆ ಹಾಕಿಬಿಡಿ" ಎಂದೆ.

"ಅಪ್ಪನ ಗಾಡಿ ಕಣಯ್ಯ. ತಪ್ಪು ಅದರದ್ದೊ, ನಮ್ಮದೊ, ಅದನ್ನು ಮೊದಲು ನೋಡು" ಎಂದರು.

ನೋಡಿದೆವು. ತಪ್ಪು ನಮ್ಮದೇ ಆಗಿತ್ತು. ಎಂಜಿನ್ ಬದಲಾಗಿತ್ತು, ಕೀಲಿಯ ಹಿಂದಿನ ತಂತಿಗಳು ಮಾತ್ರ ಹಳೆಯ ಎಂಜಿನ್ನಿನ ಲೆಕ್ಕದಲ್ಲೇ ಉಳಿದಿದ್ದವು. ಕುದುರೆ ಬದಲಾದರೆ ಜೀನೂ ಕಡಿವಾಣವೂ ಬದಲಾಗಬೇಕೆಂಬುದು ಕುಣಿಗಲಿನವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಕೀಲಿ ಹಾಕುವ ಇಗ್ನಿಷನ್ ಸ್ವಿಚ್ಚಿನ ಹಿಂದೆ ಸಾಮಾನ್ಯವಾಗಿ ನಾಲ್ಕು ತಂತಿಗಳ ಕೆಲಸವಿರುತ್ತದೆ. ಒಂದು ಬ್ಯಾಟರಿಯಿಂದ ಬರುವುದು. ಅದರಲ್ಲಿ ಸದಾ ವಿದ್ಯುತ್ತು ಇರುತ್ತದೆ. ಎರಡನೆಯದು ರೇಡಿಯೊ ಮೊದಲಾದವುಗಳಿಗೆ. ಮೂರನೆಯದು ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಬೇಕಾದದ್ದು. ನಾಲ್ಕನೆಯದು ಸ್ಟಾರ್ಟರಿಗೆ, ಕೀಲಿಯನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಮಾತ್ರ ಅದಕ್ಕೆ ಜೀವ. ಆ ಗಳಿಗೆಯಲ್ಲಿ ರೇಡಿಯೊ ತಂತಿಗೆ ವಿದ್ಯುತ್ತು ನಿಂತುಹೋಗುವುದುಂಟು. ಮೂರನೆಯದಕ್ಕೆ ಮಾತ್ರ ನಿಲ್ಲಬಾರದು. ಈ ಎರಡನ್ನು ಅದಲುಬದಲು ಮಾಡಿದರೆ, ಎಂಜಿನ್ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ.

ಪೆಟ್ರೋಲ್ ಎಂಜಿನ್ನಿನಲ್ಲಿ ಮೂರನೆಯ ತಂತಿ ಹೋಗುವುದು ಕಾಯಿಲ್‌ಗೆ. ಕಾಯಿಲ್ ಪ್ಲಗ್ಗಿಗೆ ಕಿಡಿ ಕೊಡುತ್ತದೆ. ಕೀಲಿ ತೆಗೆದರೆ ಕಿಡಿಯಿಲ್ಲ, ಎಂಜಿನ್ ನಿಲ್ಲುತ್ತದೆ. ಡೀಸೆಲ್ಲಿಗೆ ಕಿಡಿಯೇ ಬೇಡ. ಒತ್ತಿ ಹಿಡಿದ ಗಾಳಿಯ ಕಾವಿನಿಂದಲೇ ಎಣ್ಣೆ ಉರಿಯುತ್ತದೆ. ಆದ್ದರಿಂದ ಹಳೆಯ ಬಗೆಯ ಡೀಸೆಲ್ ಎಂಜಿನ್ನು ಕೀಲಿ ತೆಗೆದರೂ ನಿಲ್ಲುವುದಿಲ್ಲ. ಎಣ್ಣೆಯನ್ನೇ ತಡೆಯಬೇಕು. ಅದಕ್ಕೆ ಕೈಯಿಂದ ಎಳೆಯುವ ಕೇಬಲ್ ಇರಬೇಕು, ಇಲ್ಲವೆ ಪಂಪಿನ ಮೇಲೆ ವಿದ್ಯುತ್ತಿನಿಂದ ನಡೆಯುವ ಕವಾಟವಿರಬೇಕು. ಕವಾಟವಿದ್ದಲ್ಲಿ ಮೂರನೆಯ ತಂತಿ ಅದಕ್ಕೆ ಹೋಗತಕ್ಕದ್ದು.

ಇನ್ನು ನಮ್ಮ ಹೊಗೆಯ ವಿಚಾರ. ಇಂಥ ಎಷ್ಟೋ ಡೀಸೆಲ್ ಎಂಜಿನ್ನುಗಳಿಗೆ, ತಣ್ಣಗಿರುವಾಗ ಹತ್ತಿಕೊಳ್ಳಲೆಂದು ಹೀಟರ್ ಪ್ಲಗ್ಗುಗಳಿರುತ್ತವೆ. ಒಂದೊಂದೂ ಸುಮಾರು 10 ಆಂಪಿಯರ್ ಎಳೆಯುತ್ತದೆಂದು ಹಿಡಿಯಿರಿ, ನಾಲ್ಕಕ್ಕೆ 40. ಬ್ಯಾಟರಿ 12 ವೋಲ್ಟಿನದು. ಗುಣಿಸಿದರೆ 480 ವ್ಯಾಟ್. ಅಂದರೆ 60 ವ್ಯಾಟಿನ ಎಂಟು ದೀಪಗಳಷ್ಟು. "ಇಷ್ಟೇ ತಾನೆ" ಎನ್ನಬೇಡಿ. ಮನೆಯ 230 ವೋಲ್ಟಿನಲ್ಲಿ ಆ ಎಂಟು ದೀಪ ಉರಿಯಲು 2 ಆಂಪಿಯರಿಗಿಂತ ತುಸು ಹೆಚ್ಚು ಸಾಕು. ತಂತಿ ಬಿಸಿಯಾಗುವುದು ಆಂಪಿಯರಿನ ವರ್ಗಕ್ಕನುಸಾರವಾಗಿ. ಅದೇ ತಂತಿಯಲ್ಲಿ 40 ಆಂಪಿಯರ್ ಹರಿದರೆ ಬಿಸಿ ಮುನ್ನೂರು ಪಟ್ಟಿಗೂ ಹೆಚ್ಚು. ಕಾಯಿಲ್‌ಗೆ ಬೇಕಾದದ್ದು ಕೆಲವೇ ಆಂಪಿಯರ್. ಅದಕ್ಕೆಂದು ಎಳೆದಿದ್ದ ಸಣ್ಣ ತಂತಿಯನ್ನೇ ಯಾರೋ ಹೀಟರ್ ಪ್ಲಗ್ಗುಗಳಿಗೆ ಕಟ್ಟಿದ್ದರು. ಅಷ್ಟೂ ವರ್ಷ ಅದು ಒಳಗೊಳಗೇ ಬೆಂದು, ಆ ದಿನ ಹೊದಿಕೆ ಕರಗಿತು.

ಪರಿಹಾರ ದೊಡ್ಡದೇನಲ್ಲ. ಬ್ಯಾಟರಿಯಿಂದ ದಪ್ಪ ತಂತಿಯನ್ನು, ಬ್ಯಾಟರಿಯ ಪಕ್ಕದಲ್ಲೇ ತಕ್ಕ ಫ್ಯೂಸು ಹಾಕಿ, ರಿಲೇ ಎಂಬ ಸಾಧನದ ಮೂಲಕ ಪ್ಲಗ್ಗುಗಳಿಗೆ ಒಯ್ಯಬೇಕು. ರಿಲೇ ಎಂದರೆ ದೊರೆಯ ಸನ್ನೆಗೆ ಕಾದಿರುವ ಆಳು. ಸ್ವಿಚ್ಚು ಅಲ್ಪ ವಿದ್ಯುತ್ತಿನಿಂದ ಸನ್ನೆ ಮಾಡುತ್ತದೆ. ಹೊರೆ ಹೊರುವುದು ರಿಲೇ.

ತಂತಿ ಗುರುತಿಸಲು ಬಣ್ಣವನ್ನೇ ನಂಬಬೇಡಿ. ಬ್ರಿಟಿಷ್ ಪದ್ಧತಿಯ ಕಾರುಗಳಲ್ಲಿ ಕಂದು ಬಣ್ಣ ಬ್ಯಾಟರಿಯದು, ಬಿಳಿ ಇಗ್ನಿಷನ್ನಿನದು ಎಂಬ ನಿಯಮವೇನೋ ಉಂಟು. ಆದರೆ ಹತ್ತು ಕೈ ದಾಟಿದ ಗಾಡಿಯಲ್ಲಿ ಬಣ್ಣ ಸುಳ್ಳು ಹೇಳಬಹುದು. ಗೇರು ಬಿಟ್ಟು, ಕೈ ಬ್ರೇಕು ಎಳೆದು, ಕೀಲಿಯ ಒಂದೊಂದು ಸ್ಥಾನದಲ್ಲೂ ಯಾವ ತಂತಿಗೆ ಪರೀಕ್ಷಾ ದೀಪ ಹತ್ತುತ್ತದೆಂದು ಬರೆದುಕೊಳ್ಳಿ. ತಂತಿ ಬಿಚ್ಚುವ ಮುಂಚೆ ಬ್ಯಾಟರಿಯ ಅರ್ತ್ ತಂತಿ ತೆಗೆಯಿರಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅನೇಕವಕ್ಕೆ ಧನ ಧ್ರುವವೇ ಅರ್ತ್. ಅದನ್ನು ಗಮನಿಸದೆ ಈಚಿನ ಆಲ್ಟರ್ನೇಟರ್ ಜೋಡಿಸಿದರೆ ಅದು ಸುಟ್ಟೀತು.

ಕಾನೂನಿನ ಮಾತೊಂದುಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ ಎಂಜಿನ್ ಬದಲಾವಣೆ ಆರ್.ಸಿ. ಪುಸ್ತಕದಲ್ಲಿ ದಾಖಲಾಗಬೇಕು. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ಮೂಲರೂಪದಲ್ಲಿ ಉಳಿದವುಗಳಿಗೆ ಮಾತ್ರ. ಕಳಚಿದ ಎಂಜಿನ್ನನ್ನು ಗುಜರಿಗೆ ಹಾಕುವ ಮುಂಚೆ ಇದನ್ನು ಯೋಚಿಸುವುದು ಲೇಸು.

ಭಾವನವರ ಜೀಪಿಗೆ ಈಗ ಹೊಸ ತಂತಿ, ಎರಡು ರಿಲೇ, ಎಂಜಿನ್ ನಿಲ್ಲಿಸುವ ಹೊಸ ಕೇಬಲ್ ಬಂದಿವೆ. ಯಾವ ತಂತಿ ಎಲ್ಲಿಗೆಂಬ ನಕ್ಷೆಯನ್ನು ಮಗಳ ಕೈಲಿ ಬರೆಸಿ ಬಾನೆಟ್ಟಿನ ಒಳಗೆ ಅಂಟಿಸಿದ್ದಾರೆ. ಮುಂದೆ ಗಾಡಿ ಮುಟ್ಟುವವನಿಗೆ ಅದೇ ಸಾಕ್ಷಿ. ಎಂಜಿನ್ ಬದಲಾಯಿಸಿದ ಗಾಡಿ ನಿಮ್ಮ ಮನೆಯಲ್ಲೂ ಇದ್ದರೆ, ಈ ಭಾನುವಾರ ಒಮ್ಮೆ ಬಗ್ಗಿ ಕೀಲಿಯ ಹಿಂದೆ ನೋಡಿ.