ನಿಮ್ಮ ಬೆರಳು ಓಡಾಡಿದ ದಾರಿ

ಧಾರವಾಡ ತಾಲ್ಲೂಕಿನ ಗರಗ, ರಾಷ್ಟ್ರಧ್ವಜದ ಖಾದಿ ನೇಯುವ ಊರು. ಇಲ್ಲಿ ಕೂತ ಒಬ್ಬರು ಮೊಬೈಲಿನಲ್ಲಿ ಯಾವುದೋ ಅಂಗಡಿಯ ವೆಬ್‌ಸೈಟ್ ತೆರೆದರು, ಧ್ವಜದ ಬೆಲೆ ನೋಡಿದರು, ಕೊಳ್ಳದೆ ಹೊರಬಂದರು ಅಂತಿಟ್ಟುಕೊಳ್ಳಿ. ಅಂಗಡಿಯವರಿಗೆ ಇದರಲ್ಲಿ ಎಷ್ಟು ಗೊತ್ತಾಗುತ್ತದೆ?

1990ರ ದಶಕದ ಆರಂಭದಲ್ಲಾಗಿದ್ದರೆ, ಸರ್ವರ್‌ನ ಲಾಗ್ ಫೈಲಿನಲ್ಲಿ ಒಂದಿಷ್ಟು ಸಾಲು, ಅಷ್ಟೇ. ಐಪಿ ವಿಳಾಸ, ತಾರೀಖು, ವೇಳೆ, ಕೇಳಿದ ಪುಟದ ಹೆಸರು. ಪುಟ ಸಿಕ್ಕಿದ್ದರೆ 200, ಇಲ್ಲದಿದ್ದರೆ 404. ಈ ಸಾಲುಗಳನ್ನು ಎಣಿಸಿ ‘ಹಿಟ್ಸ್’ ಅನ್ನುತ್ತಿದ್ದರು. ಪುಟದಲ್ಲಿ 10 ಚಿತ್ರಗಳಿದ್ದರೆ, ಬಂದವರು ಒಬ್ಬರೇ ಆದರೂ 11 ಹಿಟ್! ಲಕ್ಷಗಟ್ಟಲೆ ಹಿಟ್ ಅಂತ ಜಂಬ ಕೊಚ್ಚಿಕೊಂಡವರ ಬಂಡವಾಳ ಇದು.

ನಿನ್ನೆ ಬಂದವರೇ ಇವತ್ತೂ ಬಂದರೋ ಅನ್ನುವುದು ಲಾಗ್‌ನಿಂದ ಸರಿಯಾಗಿ ತಿಳಿಯುತ್ತಿರಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಕಂಪನಿಯ ಲೂ ಮೊಂಟುಲಿ ‘ಕುಕೀ’ ತಂದರು, ಅಂದರೆ ವೆಬ್‌ಸೈಟ್ ನಿಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವ ಪುಟ್ಟ ಗುರುತಿನ ಚೀಟಿ. ಗಿರಾಕಿ ಬುಟ್ಟಿಗೆ ಹಾಕಿದ್ದನ್ನು ನೆನಪಿಡಲು ಹುಟ್ಟಿದ ಈ ಚೀಟಿಯನ್ನು ಜಾಹೀರಾತು ಕಂಪನಿಗಳು ಬೇಗನೆ ತಮ್ಮ ಕೆಲಸಕ್ಕೆ ಹಚ್ಚಿದವು.

2005ರಲ್ಲಿ ಗೂಗಲ್, ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ನವೆಂಬರ್‌ನಲ್ಲಿ ವೆಬ್‌ಸೈಟ್ ಭೇಟಿಗಳ ಲೆಕ್ಕವಿಡುವ ಗೂಗಲ್ ಅನಾಲಿಟಿಕ್ಸ್ ಅನ್ನು ಪುಕ್ಕಟೆ ಬಿಟ್ಟಿತು. ಜನ ಮುಗಿಬಿದ್ದು, ಕೆಲ ದಿನಗಳಲ್ಲೇ ಹೊಸ ನೋಂದಣಿ ನಿಲ್ಲಿಸಬೇಕಾಯಿತು. ಪುಟದೊಳಗೆ ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ಹಾಕಿದರೆ ಮುಗಿಯಿತು, ನಿಮ್ಮ ಬ್ರೌಸರೇ ನಿಮ್ಮ ವರದಿ ಕಳಿಸುತ್ತದೆ. 2020ರಲ್ಲಿ ಬಂದ ಅದರ ನಾಲ್ಕನೇ ಆವೃತ್ತಿಯಲ್ಲಿ ವೆಬ್‌ಸೈಟ್, ಆ್ಯಪ್ ಎರಡರಲ್ಲೂ ಪ್ರತಿ ಕ್ರಿಯೆ ಒಂದು ‘ಇವೆಂಟ್’. ಪುಟದ ಶೇ. 90ರಷ್ಟು ಕೆಳಗೆ ಸರಿಸಿದರೆ ಒಂದು ದಾಖಲೆ. 30 ನಿಮಿಷ ಸುಮ್ಮನೆ ಬಿಟ್ಟು ಮತ್ತೆ ಮುಟ್ಟಿದರೆ ಹೊಸ ಭೇಟಿ. ಚಹಾ ಕುಡಿದು ಬಂದವರೂ ಎರಡು ಸಲ ಬಂದಂತೆ! ಇಷ್ಟಾದರೂ ಊರಿನ ಹೆಸರು ತಪ್ಪುವುದುಂಟು. ಮೊಬೈಲ್ ಕಂಪನಿಯ ಐಪಿ ಎಲ್ಲಿಯದೋ, ಗರಗದವರು ವರದಿಯಲ್ಲಿ ಬೆಂಗಳೂರಿನವರಾಗಿಬಿಡಬಹುದು.

ಹೀಗೆ ಹಿಂಬಾಲಿಸಲು ನಮ್ಮನ್ನು ಯಾರು ಕೇಳಿದರು? ಈ ಪ್ರಶ್ನೆಗೆ ಕಾನೂನಿನ ಬಲ ಬಂದದ್ದು ಬೇರೆ ದಾರಿಯಿಂದ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 18 ವರ್ಷದೊಳಗಿನವರ ನಡವಳಿಕೆಯನ್ನು ಹಿಂಬಾಲಿಸಬಾರದು ಎನ್ನುತ್ತದೆ ಅದು, ಕೆಲವು ವಿನಾಯಿತಿ ಬಿಟ್ಟು. ಸರಿಯೇ. ಆದರೆ ಮನೆಗೆಲ್ಲ ಒಂದೇ ಮೊಬೈಲ್ ಇದ್ದಲ್ಲಿ, ಈಗ ಪರದೆ ಒತ್ತಿದ್ದು ಅಜ್ಜನೋ ಮೊಮ್ಮಗಳೋ ಅಂತ ಆ ನಾಲ್ಕು ಸಾಲಿನ ಕೋಡ್‌ಗೆ ಗೊತ್ತಾಗುವುದು ಹೇಗೆ?