ಹೆಣಿಗೆಯ ಅರ್ಜಿಯನ್ನು ನಾವು ಏಕೆ ಮತ್ತೆ ತೆರೆದೆವು
(ಮೈಲೂರಿನ ವಾರ್ಷಿಕ ಸಭೆಯಲ್ಲಿ ಟ್ರಸ್ಟ್ ಪರವಾಗಿ ಆಡಿದ ಮಾತುಗಳು)



ವರ್ಷದ ಜಮಾ-ಖರ್ಚು ನಿಮ್ಮ ಕೈಯಲ್ಲಿರುವ ವರದಿಯಲ್ಲಿದೆ. ಅದನ್ನು ಇಲ್ಲಿ ಓದುವುದಿಲ್ಲ. ನಾವು ವಾಪಸ್ ಕಳಿಸಿದ್ದ ಒಂದು ಅರ್ಜಿಯ ಬಗ್ಗೆ ಹೇಳಬೇಕಾಗಿದೆ.

ಎರಡು ವರ್ಷದ ಹಿಂದೆ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ‘ಕೋರ್ಸ್’ ಎಂಬ ಜಾಗದಲ್ಲಿ ‘ಉಲ್ಲನ್ ಹೆಣಿಗೆ, ನೂಲಿಗೆ ಬಣ್ಣ ಹಾಕುವುದು’ ಎಂದು ಬರೆದಿದ್ದಳು. ಚೀಲದಲ್ಲಿ ಒಂದು ಮಗುವಿನ ಸ್ವೆಟರ್, ನಾಲ್ಕು ಲಡಿ ನೂಲು ತಂದಿದ್ದಳು. ನಮ್ಮಲ್ಲೊಬ್ಬರು ಪ್ರೀತಿಯಿಂದಲೇ, “ಬೇಟಾ, ಇದು ಮನೆಯಲ್ಲಿ ಕೂತು ಮಾಡುವ ಕೆಲಸ. ಓದುವುದಿದ್ದರೆ ಬಾ” ಎಂದರು. ಅವಳು ಸುಮ್ಮನೆ ಹೋದಳು. ಆ ಚೀಲವನ್ನು ನಾವು ಬಿಚ್ಚಿಯೂ ನೋಡಲಿಲ್ಲ. ಫೀಸಿನ ರಸೀದಿ ಇಲ್ಲದ್ದು ಓದೇ ಅಲ್ಲ ಎಂದು ನಾವು ಅಂದುಕೊಂಡಿದ್ದೆವು.

ಬೀದರಿನವರಾದ ನಾವು ಹಾಗೆ ಅಂದುಕೊಳ್ಳಬಾರದಿತ್ತು. 2023ರಲ್ಲಿ ಪದ್ಮಶ್ರೀ ಪಡೆದ ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಬಿದ್ರಿ ಕೆಲಸ ಕಲಿತದ್ದು ಕಾಲೇಜಿನಲ್ಲಲ್ಲ, ತಂದೆಯ ಕೈಕೆಳಗೆ. ಸತು-ತಾಮ್ರದ ಸಾಮಾನಿಗೆ ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುವ ಕುಶಲಿಗಳಿದ್ದಾರೆ. ಇದನ್ನು ನಾವು ವಿದ್ಯೆ ಎನ್ನುತ್ತೇವೆ, ಅತಿಥಿಗಳಿಗೆ ಹೆಮ್ಮೆಯಿಂದ ಕಾಣಿಕೆ ಕೊಡುತ್ತೇವೆ. ಮಗಳು ಮನೆಯಲ್ಲಿ ನೂಲಿಗೆ ಬಣ್ಣ ಕಟ್ಟಿದರೆ ಮಾತ್ರ ಟೈಂಪಾಸ್!

ಈ ವರ್ಷ ನಾವೇ ಅವಳ ಮನೆಗೆ ಹೋದೆವು. ಅವಳು ಸ್ವೆಟರ್ ತೋರಿಸುವ ಮೊದಲು ಒಂದು ನೋಟ್‌ಬುಕ್ ತೋರಿಸಿದಳು. ಪ್ರತಿ ಪುಟಕ್ಕೂ ಒಂದು ತುಂಡು ನೂಲು ಹೊಲಿದಿತ್ತು. ಪಕ್ಕದಲ್ಲಿ ನೂಲಿನ ತೂಕ, ಪಟಿಕದ ತೂಕ, ಎಷ್ಟು ಹೊತ್ತು ಕಾಯಿಸಿದ್ದು, ನಳದ ನೀರೋ ಬೋರ್‌ವೆಲ್ ನೀರೋ, ಎಲ್ಲ ಬರೆದಿತ್ತು. ನೀರು ಬದಲಾದರೆ ಬಣ್ಣವೂ ಬದಲಾಗುತ್ತದಂತೆ. 100 ಗ್ರಾಂ ಉಣ್ಣೆಗೆ ಸುಮಾರು 15 ಗ್ರಾಂ ಪಟಿಕ. ದಾಳಿಂಬೆ ಸಿಪ್ಪೆಯಿಂದ ಹಳದಿ, ಅದಕ್ಕೇ ಸ್ವಲ್ಪ ಕಬ್ಬಿಣದ ನೀರು ಸೇರಿಸಿದರೆ ಬೂದಿ ಹಸಿರು. ಈರುಳ್ಳಿ ಸಿಪ್ಪೆಯಿಂದ ಬಂಗಾರದ ಬಣ್ಣ, ಮಂಜಿಷ್ಠದಿಂದ ಕೆಂಪು. ಅರಿಶಿನದ ಬಣ್ಣ ಚೆಂದ, ಆದರೆ ಬಿಸಿಲಿಗೆ ನಿಲ್ಲುವುದಿಲ್ಲ. ಅದನ್ನು ಹಾಕಿ ಮಾರಿದರೆ ಗಿರಾಕಿಗೆ ಮೋಸ ಎಂದಳು. ಹತ್ತಿಯ ನೂಲು ಉಣ್ಣೆಯಷ್ಟು ಸುಲಭವಾಗಿ ಬಣ್ಣ ಹಿಡಿಯುವುದಿಲ್ಲ, ಮೊದಲು ಅಳಲೆಕಾಯಿಯ ನೀರಿನಲ್ಲಿ ನೆನೆಸಬೇಕು. ಕುದಿಯುವ ಉಣ್ಣೆಯನ್ನು ತಣ್ಣೀರಿಗೆ ಹಾಕಿ ಉಜ್ಜಿದರೆ ಗಂಟುಗಟ್ಟಿ ಕೆಡುತ್ತದೆ. ಹಾಗೆ ಕೆಟ್ಟ ಲಡಿಯನ್ನೂ ಅವಳು ಎಸೆಯದೆ ಇಟ್ಟಿದ್ದಳು. ಬಣ್ಣದ ಪಾತ್ರೆ ಅಡುಗೆಗೆ ಬಳಸುವಂತಿಲ್ಲವಾದ್ದರಿಂದ ಅವಳಿಗೆ ಎರಡು ಸ್ಟೀಲ್ ಡಬರಿ ಬೇಕಿತ್ತು. ಅವಳ ಅಂದಿನ ಅರ್ಜಿಯಲ್ಲಿ ಕೇಳಿದ್ದು ಅದು, ಒಂದು ತೂಕದ ಕಾಟ ಮತ್ತು ನೂಲು. ಅಷ್ಟೇ.

ಸಂಪಾದನೆಯ ಮಾತಿಗೆ ಬರೋಣ, ತಾಯಂದಿರು ಕೇಳುವುದು ಅದನ್ನೇ. ಒಂದು ಸ್ವೆಟರಿಗೆ 300 ರೂಪಾಯಿ ನೂಲು, 20 ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ನೆರೆಮನೆಯವರು ಚೌಕಾಸಿ ಮಾಡಿ 400 ಕೊಟ್ಟರೆ ಗಂಟೆಗೆ 5 ರೂಪಾಯಿ ಬಿತ್ತು. ಇದಕ್ಕೆ ಕೆಲಸ ಎನ್ನಲಾಗದು. ಹೆಣೆದದ್ದನ್ನಷ್ಟೇ ಮಾರಿದರೆ ಬದುಕು ಸಾಗುವುದು ಕಷ್ಟ. ಬಣ್ಣ ಹಾಕಿದ ನೂಲು ಮಾರಬೇಕು, ವಿನ್ಯಾಸ ಬರೆದು ಮಾರಬೇಕು, ಕಲಿಸಬೇಕು. ಬರೆದಿಟ್ಟ ವಿನ್ಯಾಸವನ್ನು ಒಮ್ಮೆ ದುಡಿದು ನೂರು ಸಲ ಮಾರಬಹುದು. ಅದಕ್ಕೆ ಗಣಿತ ಬೇಕು. ಅಮೆರಿಕದಲ್ಲಿ ನೆಲೆಸಿದ್ದ ಎಲಿಜಬೆತ್ ಜಿಮ್ಮರ್‌ಮನ್ ಎಂಬಾಕೆ ಎದೆಯ ಅಳತೆಯನ್ನು 100 ಎಂದು ಹಿಡಿದು ತೋಳು, ಕತ್ತು ಎಲ್ಲವನ್ನೂ ಶೇಕಡಾ ಲೆಕ್ಕದಲ್ಲಿ ಹೇಳಿಕೊಟ್ಟರು. 1971ರ ಅವರ ಪುಸ್ತಕವನ್ನು ಹೆಣೆಯುವವರು ಇಂದಿಗೂ ಓದುತ್ತಾರೆ. ಉರುಗ್ವೆ ದೇಶದ ಹಳ್ಳಿ ಹೆಂಗಸರು 1968ರಲ್ಲಿ ‘ಮಾನೋಸ್ ದೆಲ್ ಉರುಗ್ವೈ’ ಎಂಬ ಹೆಸರಿನಲ್ಲಿ ಒಗ್ಗೂಡಿದರು, ಕೈಯಿಂದ ಬಣ್ಣ ಹಾಕಿದ ಅವರ ನೂಲು ಹೊರದೇಶಗಳಿಗೆ ಹೋಗುತ್ತದೆ. ಅಷ್ಟು ದೂರ ಏಕೆ, ನಮ್ಮ ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ‘ಚರಕ’ದಲ್ಲಿ ಹಳ್ಳಿಯ ಹೆಂಗಸರೇ ಅಡಿಕೆ ಚೊಗರು, ದಾಳಿಂಬೆ ಸಿಪ್ಪೆಯ ಬಣ್ಣದಲ್ಲಿ ಕೈಮಗ್ಗದ ಬಟ್ಟೆ ಮಾಡುತ್ತಾರೆ.

ಪದವಿಯೇ ಬೇಕೆನ್ನುವವರಿಗೆ ಹೈದರಾಬಾದ್ ಮತ್ತು ಬೆಂಗಳೂರಿನ ನಿಫ್ಟ್‌ನಲ್ಲಿ ನಾಲ್ಕು ವರ್ಷದ ನಿಟ್‌ವೇರ್ ಡಿಸೈನ್ ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು, ಫೀಸ್ ಹೆಚ್ಚು. ಮನೆಯಲ್ಲೇ ಕುಳಿತು ಶುರು ಮಾಡುವವರಿಗೆ ದಾರಿ ಕಡಿಮೆ. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸ ಇದೆ, ಹೆಣಿಗೆ ಇಲ್ಲ. ಆ ಜಾಗದಲ್ಲಿ ನಮ್ಮಂಥ ಟ್ರಸ್ಟ್ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ.

ನಾವು ಹೊರಡುವಾಗ ಅವಳ ಅಮ್ಮಿ ಬಾಗಿಲ ಬಳಿ ಕೇಳಿದರು: “ನೀವೇನೋ ಈಗ ಕೊಡುತ್ತೀರಿ. ನಾಳೆ ಸಂಬಂಧ ನೋಡಲು ಬಂದವರು ಇದನ್ನು ಕೆಲಸ ಅಂತಾರಾ?” ನಮಗೆ ಉತ್ತರ ಹೊಳೆಯಲಿಲ್ಲ. ನಮ್ಮ ಸಮಿತಿಯೇ ಎರಡು ವರ್ಷ ಅನ್ನಲಿಲ್ಲವಲ್ಲ.

ಆದ್ದರಿಂದ ಈ ಸಲದ ಫಾರಂನಲ್ಲಿ ಒಂದು ಕಾಲಂ ಸೇರಿಸಿದ್ದೇವೆ: ಕೈಕಸುಬು. ಹೆಣಿಗೆ, ಕ್ರೋಶಾ, ಬಣ್ಣ, ಬಿದ್ರಿ, ಯಾವುದಾದರೂ ಸರಿ, ಹುಡುಗ ಹುಡುಗಿ ಇಬ್ಬರೂ ಹಾಕಬಹುದು. ಫೀಸ್ ರಸೀದಿ ಬೇಡ. ಮಾಡಿದ ಕೆಲಸದ ಎರಡು ನಮೂನೆ, ಕೆಟ್ಟುಹೋದದ್ದು ಒಂದು, ಬೇಕಾದ ಸಾಮಾನಿನ ಪಟ್ಟಿ ಮತ್ತು ಬೆಲೆ, ಗಂಟೆಗಳ ಲೆಕ್ಕ ತನ್ನಿ. ಹಣದ ಬದಲು ಸಾಮಾನನ್ನೇ ಕೊಡಿಸುತ್ತೇವೆ. ಆರು ತಿಂಗಳಿಗೊಮ್ಮೆ ನೋಟ್‌ಬುಕ್ ನೋಡುತ್ತೇವೆ. ನಮೂನೆ ನೋಡುವ ದಿನ ಆ ಹುಡುಗಿಯೂ ಸಮಿತಿಯ ಜೊತೆ ಕೂರಲು ಒಪ್ಪಿದ್ದಾಳೆ, ನಮಗೆ ಅದರಲ್ಲಿ ಏನೂ ತಿಳಿಯದು.

ದಾನಿಗಳಲ್ಲಿ ಒಂದು ವಿನಂತಿ. ಜಕಾತ್ ಹಣ ಅದಕ್ಕೆ ಅರ್ಹರಾದ ಮನೆಗಳಿಗೆ ಮಾತ್ರ ಹೋಗುತ್ತದೆ, ಉಳಿದವರಿಗೆ ಸಾಮಾನ್ಯ ನಿಧಿಯಿಂದ ಕೊಡುತ್ತೇವೆ. ನಿಮ್ಮ ಹಣ ಯಾವುದಕ್ಕೆ ಎಂದು ರಸೀದಿಯ ಹಿಂದೆ ಬರೆಸಿ.