ಬೇಗಂ ಬಜಾರಿನಿಂದ ಬಜಾರ್ ಕುಣಂಗಿಗೆ
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ಚುನಾವಣೆಯ ಬಗ್ಗೆ ಮಾತಾಡಿ ಟೀಚರ್, ಆದರೆ ರಾಜಕೀಯ ಬೇಡ" ಎಂದು ಕಾರ್ಯದರ್ಶಿಯವರು ಫೋನಿನಲ್ಲಿ ಹೇಳಿದರು. ಉಪ್ಪು ಹಾಕದೆ ಉಪ್ಪಿನಕಾಯಿ ಮಾಡಿ ಎಂದ ಹಾಗಾಯಿತು. ಆದರೂ ಪ್ರಯತ್ನ ಮಾಡುತ್ತೇನೆ. ಯಾವ ಪಕ್ಷ ಒಳ್ಳೆಯದು, ಯಾರು ಕೆಟ್ಟವರು ಎನ್ನುವ ತಂಟೆಗೆ ಹೋಗುವುದಿಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ, ಚುನಾವಣಾ ಡ್ಯೂಟಿಯನ್ನೂ ಮಾಡಿದ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಮತದ ಕತೆಯನ್ನಷ್ಟೇ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಮಗನ ಮನೆಗೆಂದು ಈ ಬೇಗಂ ಬಜಾರಿಗೆ ಬಂದೆ. ಇಲ್ಲಿನ ಗಲ್ಲಿ ನಿಮಗೆಲ್ಲ ಗೊತ್ತೇ ಇದೆ. ಕೆಳಗೆ ಸ್ಟೀಲ್ ಪಾತ್ರೆ ಅಂಗಡಿ, ಅದರ ಮೇಲೆ ಗೋದಾಮು, ಗೋದಾಮಿನ ಮೇಲೆ ಸಂಸಾರ. ಒಣಹಣ್ಣಿನ ಅಂಗಡಿಯಿಂದ ಮಸಾಲೆ ಅಂಗಡಿಗೆ ಹೋಗಬೇಕೆಂದರೆ ಇಬ್ಬರನ್ನು ತಳ್ಳಿ, ಮೂವರಿಂದ ತಳ್ಳಿಸಿಕೊಂಡು ಹೋಗಬೇಕು. ಜೋಯಿಡಾ ತಾಲ್ಲೂಕಿನಲ್ಲಿಯೂ ಒಂದು ಬಜಾರ್ ಇದೆ. ಬಜಾರ್ ಕುಣಂಗ ಎಂದು ಆ ಊರಿನ ಹೆಸರು. ಹೆಸರಿನಲ್ಲಿ ಬಜಾರ್ ಇದೆ, ಸುತ್ತ ಇರುವುದು ಕಾಡು.

ಈಗ ಸ್ವಲ್ಪ ಲೆಕ್ಕ ಹೇಳುತ್ತೇನೆ, ಟೀಚರ್ ಬುದ್ಧಿ ಬಿಡುವುದಿಲ್ಲ ನೋಡಿ. ನಮ್ಮ ಹೈದರಾಬಾದ್ ಜಿಲ್ಲೆಯ ವಿಸ್ತೀರ್ಣ 217 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಇಲ್ಲಿದ್ದವರು 39 ಲಕ್ಷಕ್ಕೂ ಹೆಚ್ಚು ಜನ. ಅಂದರೆ ಚದರ ಕಿಲೋಮೀಟರಿಗೆ 18 ಸಾವಿರ ಮೀರುತ್ತದೆ. ಶಾಸಕರು 15 ಮಂದಿ. ಜೋಯಿಡಾ ಒಂದೇ ತಾಲ್ಲೂಕಿನ ವಿಸ್ತೀರ್ಣ 1,900 ಚದರ ಕಿಲೋಮೀಟರಿನ ಹತ್ತಿರ, ಅಂದರೆ ಈ ಜಿಲ್ಲೆಯ ಎಂಟು ಪಟ್ಟಿಗೂ ಹೆಚ್ಚು. ಜನ ಮಾತ್ರ ಸುಮಾರು 52 ಸಾವಿರ. ಚದರ ಕಿಲೋಮೀಟರಿಗೆ 30 ಜನರೂ ಇಲ್ಲ. ಕರ್ನಾಟಕದಲ್ಲಿ ಸರಾಸರಿ 2 ಲಕ್ಷ 70 ಸಾವಿರ ಜನರಿಗೆ ಒಬ್ಬ ಶಾಸಕ. ಆ ಲೆಕ್ಕ ಹಿಡಿದರೆ ಜೋಯಿಡಾದ ಪಾಲಿಗೆ ಬರುವುದು ಒಬ್ಬ ಶಾಸಕನ ಐದನೇ ಒಂದು ಭಾಗ, ಅದೂ ಪೂರ್ತಿ ಅಲ್ಲ.

ಹಾಗಾಗಿ ಜೋಯಿಡಾ ಯಾವಾಗಲೂ ಯಾರದಾದರೂ ಜೊತೆ ಸೇರಿಕೊಂಡೇ ಮತ ಹಾಕಬೇಕು. ನಾನು ನೌಕರಿಗೆ ಸೇರಿದಾಗ ಅದು ಕಾರವಾರದ ಜೊತೆಗಿತ್ತು. ಮಾಜಿ ಸಚಿವ ಪ್ರಭಾಕರ ರಾಣೆ, ಆಮೇಲೆ ವಸಂತ ಅಸ್ನೋಟಿಕರ್ ಇವರೆಲ್ಲ ಕಾರವಾರ-ಜೋಯಿಡಾ ಶಾಸಕರು ಎಂದೇ ಹೆಸರಾಗಿದ್ದವರು. ಕಾರವಾರ ಎಂದರೆ ಸಮುದ್ರ, ಮೀನುಗಾರಿಕೆ, ಬಂದರು, ನೌಕಾನೆಲೆ. ಜೋಯಿಡಾ ಎಂದರೆ ಘಟ್ಟದ ಮೇಲಿನ ಕಾಡು, ಗದ್ದೆ, ಗೆಡ್ಡೆ-ಗೆಣಸು. ನಡುವೆ ಅಣಶಿ ಘಟ್ಟ. ಜೋರು ಮಳೆಗಾಲದಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆದರೆ ಶಾಸಕರ ಊರಿಗೆ ಹೋಗಲು ಸುತ್ತು ಹೊಡೆಯಬೇಕು. ಸೊಸೆಗೂ ತವರಿಗೂ ನಡುವೆ ಹೊಳೆ ತುಂಬಿದ ಹಾಗೆ.

ಆಮೇಲೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಬಂತು. 2001ರ ಜನಗಣತಿ ಹಿಡಿದು ಗಡಿಗಳನ್ನು ಹೊಸದಾಗಿ ಎಳೆದರು. ಆ ಹೊಸ ಗಡಿಗಳ ಮೇಲೆ ದೇಶದಲ್ಲೇ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ನಮ್ಮ ಕರ್ನಾಟಕದಲ್ಲಿ, 2008ರ ಮೇ ತಿಂಗಳಲ್ಲಿ. ನಮ್ಮ ಜಿಲ್ಲೆಯಲ್ಲಿ ಅಂಕೋಲಾ ಕ್ಷೇತ್ರ ಹೋಯಿತು, ಯಲ್ಲಾಪುರ ಬಂತು. ಅಂಕೋಲಾ ತಾಲ್ಲೂಕು ಕಾರವಾರದ ಜೊತೆ ಸೇರಿತು. ಜೋಯಿಡಾವನ್ನು ಎತ್ತಿ ಹಳಿಯಾಳಕ್ಕೆ ಕೊಟ್ಟರು. ಕಾಡಿನ ಮಟ್ಟಿಗೆ ಇದು ಹತ್ತಿರದ ನೆಂಟಸ್ತಿಕೆಯೇ. ದಾಂಡೇಲಿ ಮೇಲೆ ಹೋಗಿಬರುವ ದಾರಿಯೂ ಇದೆ. ಆದರೆ ಹೊಸ ಕ್ಷೇತ್ರದ ಮೂರನೇ ಎರಡು ಭಾಗದಷ್ಟು ನೆಲ ಜೋಯಿಡಾದ್ದು, ಜನ ಮಾತ್ರ ನಾಲ್ಕನೇ ಒಂದು ಪಾಲಿನ ಹತ್ತಿರ. ಕ್ಷೇತ್ರದ ಹೆಸರು ಹಳಿಯಾಳ.

ಹಳಿಯಾಳ ಎಂದರೆ ಆರ್.ವಿ. ದೇಶಪಾಂಡೆಯವರು. 1983ರಿಂದ 2004ರವರೆಗೆ ಸಾಲಾಗಿ ಆರು ಸಲ ಗೆದ್ದವರು. ಜನತಾ ಪರಿವಾರದಲ್ಲಿದ್ದಾಗಲೂ ಗೆದ್ದರು, ಕಾಂಗ್ರೆಸ್ಸಿಗೆ ಹೋದ ಮೇಲೂ ಗೆದ್ದರು. 2008ರಲ್ಲಿ, ಜೋಯಿಡಾ ಸೇರಿದ ಮೊದಲ ಚುನಾವಣೆಯಲ್ಲೇ, ಜೆಡಿಎಸ್‌ನ ಸುನೀಲ ಹೆಗಡೆಯವರ ಎದುರು ಸೋತರು. ಜೋಯಿಡಾದವರೇ ಸೋಲಿಸಿದರು ಎಂದು ನಾನು ಹೇಳುವುದಿಲ್ಲ. ಒಂದು ಸೋಲಿಗೆ ಹತ್ತು ಕಾರಣ ಇರುತ್ತವೆ. ಆದರೆ ಆಮೇಲಿನ ಲೆಕ್ಕ ನೋಡಿ. 2013ರಲ್ಲಿ ದೇಶಪಾಂಡೆ ಮತ್ತೆ ಗೆದ್ದರು. 2018ರಲ್ಲಿ ಬಿಜೆಪಿಗೆ ಬಂದಿದ್ದ ಅದೇ ಸುನೀಲ ಹೆಗಡೆಯವರ ಎದುರು ಗೆದ್ದ ಅಂತರ ಐದು ಸಾವಿರದ ಆಸುಪಾಸು. 2023ರಲ್ಲಿ ಒಂಬತ್ತನೇ ಸಲ ಗೆದ್ದಾಗ ಅಂತರ ನಾಲ್ಕು ಸಾವಿರಕ್ಕೂ ಕಡಿಮೆ. ಹೀಗೆ ಕೂದಲೆಳೆಯ ಅಂತರದ ಕ್ಷೇತ್ರದಲ್ಲಿ ಕಾಡಿನೊಳಗಿನ ಒಂದೊಂದು ಮಜಿರೆಯ ಮತವೂ ಲೆಕ್ಕಕ್ಕೆ ಬರುತ್ತದೆ ಎಂದು ನಾವೆಲ್ಲ ಅಂದುಕೊಳ್ಳಬಹುದು. ಪ್ರಚಾರದ ದಿನಗಳು ಮಾತ್ರ ಎಣಿಸಿದಷ್ಟೇ. ದಾಂಡೇಲಿಯ ಒಂದು ಬೀದಿಯಲ್ಲಿ ಒಂದು ಗಂಟೆಯಲ್ಲಿ ಸಿಗುವಷ್ಟು ಜನರನ್ನು ಕಾಣಲು ಡಿಗ್ಗಿ ಕಡೆಗೆ ಇಡೀ ದಿನ ಬೇಕು. ಯಾವ ಪಕ್ಷದವರೇ ಆಗಲಿ, ಅವರ ಜಾಗದಲ್ಲಿ ನಾನಿದ್ದರೂ ದಾಂಡೇಲಿಗೇ ಹೋಗುತ್ತಿದ್ದೆನೇನೋ.

ಡ್ಯೂಟಿಯ ದಿನಗಳ ಬಗ್ಗೆ ಒಂದು ಮಾತು. ಮತದಾನದ ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರ, ಶಾಯಿ, ಅರಗು, ಕವರುಗಳನ್ನೆಲ್ಲ ಎಣಿಸಿಕೊಂಡು ಬಸ್ ಹತ್ತುತ್ತಿದ್ದೆವು. ಬಸ್ ನಿಲ್ಲುವಲ್ಲಿಂದ ಜೀಪು, ಜೀಪು ನಿಲ್ಲುವಲ್ಲಿಂದ ಕಾಲು. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದು ಎನ್ನುವುದು ಆಯೋಗದ ಮಾತು. ಆದರೆ ಚದುರಿದ ಮನೆಗಳ ಊರಿನಲ್ಲಿ ಎರಡು ಕಿಲೋಮೀಟರ್ ಎಂದರೆ ನಡುವೆ ಹಳ್ಳ ಇದೆಯೇ, ಸಂಕ ಇದೆಯೇ ಎನ್ನುವುದೂ ಲೆಕ್ಕಕ್ಕೆ ಬರಬೇಕು. ನಾನು ಕಂಡಂತೆ ಕುಣಬಿ ಹೆಂಗಸರು ಬೆಳಿಗ್ಗೆ ಬೇಗ ಬರುತ್ತಿದ್ದರು, ಗುಂಪಾಗಿ, ಮಕ್ಕಳನ್ನೂ ಕರೆದುಕೊಂಡು. ಬೆರಳಿಗೆ ಶಾಯಿ ಹಾಕಿಸಿಕೊಂಡು ಅಲ್ಲೇ ಶಾಲೆಯ ಜಗಲಿಯಲ್ಲಿ ಕುಳಿತು ಕೊಂಕಣಿಯಲ್ಲಿ ಹರಟೆ ಹೊಡೆದೇ ಹೋಗುವವರು. ಸಂಜೆಯ ಹೊತ್ತಿಗೆ ನಮ್ಮ ಮತಗಟ್ಟೆಯಲ್ಲಿ ಹೆಂಗಸರ ಸಾಲೇ ಉದ್ದ ಇತ್ತು ಎಂದು ನೆನಪು. ಅರುಣಾಚಲದ ಮಾಲೋಗಾಂನಲ್ಲಿ ಒಬ್ಬಳೇ ಒಬ್ಬ ಮತದಾರ ಹೆಣ್ಣುಮಗಳಿಗಾಗಿ ಸಿಬ್ಬಂದಿ ಬೆಟ್ಟ ಹತ್ತಿ ಹೋಗಿ ಮತಗಟ್ಟೆ ತೆರೆದದ್ದನ್ನು ಪೇಪರಿನಲ್ಲಿ ಓದಿದಾಗ ನನಗೆ ಆ ಜಗಲಿಯೇ ಕಣ್ಣ ಮುಂದೆ ಬಂತು. ಮತ ಹಾಕಿಸಿಕೊಳ್ಳಲು ಸರ್ಕಾರ ಅಷ್ಟು ದೂರ ನಡೆದು ಬರುತ್ತದೆ. ಮತ ಹಾಕಿದ ಮೇಲೆ ಐದು ವರ್ಷ ನಡೆಯುವವರು ಊರಿನವರೇ.

ಜೋಯಿಡಾದಲ್ಲಿ ಜನ ಯಾಕೆ ಇಷ್ಟು ಕಡಿಮೆ? ಕಾಡು ಎಂದರೆ ಮುಗಿಯಲಿಲ್ಲ. ಆ ತಾಲ್ಲೂಕಿನ ಹಳೆಯ ಹೆಸರು ಸೂಪಾ. ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಊರೇ ಈಗ ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಇದೆ. ಗಣೇಶಗುಡಿಯ ಹತ್ತಿರ 101 ಮೀಟರ್ ಎತ್ತರದ ಆ ಅಣೆಕಟ್ಟು 1987ರಲ್ಲಿ ಮುಗಿಯಿತು. ಮುಳುಗಿದ ಊರುಗಳವರಲ್ಲಿ ಬಹಳಷ್ಟು ಜನ ರಾಮನಗರಕ್ಕೆ ಬಂದರು. ನಮ್ಮ ಬೆಂಗಳೂರಿನ ಪಕ್ಕದ ರಾಮನಗರ ಅಲ್ಲ, ಇದು ಜೋಯಿಡಾದ ರಾಮನಗರ. ರಾಜ್ಯಕ್ಕೆ ಕರೆಂಟು ಸಿಕ್ಕಿತು. ಆಮೇಲೆ ಹುಲಿ ಸಂರಕ್ಷಿತ ಪ್ರದೇಶ ಬಂತು. 2007ರಲ್ಲಿ ಅಣಶಿ-ದಾಂಡೇಲಿ ಎಂದು, 2015ರಿಂದ ಕಾಳಿ ಎಂದು. ಕಾಡಿನೊಳಗಿನ ಕುಟುಂಬಗಳಿಗೆ ಸ್ವಇಚ್ಛೆಯಿಂದ ಹೊರಗೆ ಬಂದರೆ ಪರಿಹಾರ, ಮೊದಲು 10 ಲಕ್ಷ, ಆಮೇಲೆ 15 ಲಕ್ಷ. ಹುಲಿ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಜನ ಹೊರಟಷ್ಟೂ ಮತ ಕಡಿಮೆ, ಮತ ಕಡಿಮೆಯಾದಷ್ಟೂ ರಸ್ತೆ-ಆಸ್ಪತ್ರೆಯ ಮಾತು ಮೆಲ್ಲಗೆ, ಆಸ್ಪತ್ರೆ ದೂರವಾದಷ್ಟೂ ಬಸುರಿ-ಬಾಣಂತಿ ಇರುವ ಮನೆಯವರು ಮೊದಲು ಊರು ಬಿಡುತ್ತಾರೆ. ನಾನೂ ಅದೇ ಲೆಕ್ಕದವಳೇ. ಫಾರಂ 8 ತುಂಬಿ ನನ್ನ ಹೆಸರನ್ನು ಇಲ್ಲಿನ ಗೋಶಾಮಹಲ್ ಕ್ಷೇತ್ರದ ಪಟ್ಟಿಗೆ ತಂದುಕೊಂಡಿದ್ದೇನೆ. ಜೋಯಿಡಾದಲ್ಲಿ ಒಂದು ಮತ ಕಡಿಮೆಯಾಯಿತು.

ಲೋಕಸಭೆಯ ಕತೆ ಬೇರೆ, ಅದನ್ನು ಓಡಿಸಿ ಹೇಳುತ್ತೇನೆ. ಮೊದಲ ಮೂರು ಚುನಾವಣೆಗಳಲ್ಲಿ ನಮ್ಮ ಜಿಲ್ಲೆಯಿಂದ ಗೆದ್ದವರು ಜೋಕಿಂ ಆಳ್ವ. ಅವರ ಪತ್ನಿ ವಯಲೆಟ್ ಆಳ್ವ ಅದೇ ಕಾಲದಲ್ಲಿ ರಾಜ್ಯಸಭೆಯಲ್ಲಿದ್ದರು, 1962ರಲ್ಲಿ ಅಲ್ಲಿನ ಉಪಸಭಾಪತಿಯೂ ಆದರು. 1967ರಲ್ಲಿ ನಮ್ಮ ಚುಟುಕು ಬ್ರಹ್ಮ ದಿನಕರ ದೇಸಾಯಿಯವರು ಪಕ್ಷೇತರರಾಗಿ ಗೆದ್ದರು. ಕವಿಯೊಬ್ಬರನ್ನು ಪಕ್ಷವಿಲ್ಲದೆ ಆರಿಸಿದ ಜಿಲ್ಲೆ ನಮ್ಮದು ಎಂದು ನನಗೆ ಈಗಲೂ ಹೆಮ್ಮೆ. 1999ರಲ್ಲಿ ಆಳ್ವ ಮನೆತನದ ಸೊಸೆ ಮಾರ್ಗರೆಟ್ ಆಳ್ವ ಗೆದ್ದರು. ವಿಧಾನಸಭೆಗೆ 2018ರಲ್ಲಿ ಕಾರವಾರದಿಂದ ರೂಪಾಲಿ ನಾಯ್ಕ ಹೋದರು.

ಇನ್ನು ಮುಖ್ಯ ವಿಷಯ. ತಲೆ ಎಣಿಸಿ ಕ್ಷೇತ್ರ ಮಾಡುವುದು ತಪ್ಪಲ್ಲ. ಒಬ್ಬರಿಗೆ ಒಂದು ಮತ ಎಂದ ಮೇಲೆ ಕಾಡಿನವರ ಮತಕ್ಕೆ ಎರಡು ಪಟ್ಟು ತೂಕ ಕೊಡಿ ಎಂದು ಬೇಗಂ ಬಜಾರಿನಲ್ಲಿ ನಿಂತು ಕೇಳಲು ನನಗೂ ಸಂಕೋಚವೇ. ನಾರ್ವೆ ದೇಶದವರು 2003ರಲ್ಲಿ ಒಂದು ಉಪಾಯ ಮಾಡಿದರು. ಸ್ಥಾನ ಹಂಚುವಾಗ ಒಂದು ತಲೆಗೆ ಒಂದು ಅಂಕ, ಒಂದು ಚದರ ಕಿಲೋಮೀಟರಿಗೆ 1.8 ಅಂಕ. ಆ ಸೂತ್ರವನ್ನು ಜೋಯಿಡಾಕ್ಕೆ ಹಾಕಿ ನೋಡಿದೆ. ಸಿಗುವುದು ಸುಮಾರು 3,400 ಹೆಚ್ಚುವರಿ ಅಂಕ ಅಷ್ಟೇ. ಅದರಿಂದ ಏನೂ ಆಗುವುದಿಲ್ಲ.

ಆದರೆ ನಮ್ಮ ದೇಶದಲ್ಲೇ ಬೇರೆ ದಾರಿ ಇದೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಲ್ಲಿ, ಎರಡೂಕಾಲು ಲಕ್ಷದಷ್ಟು ಜನರಿಗೆ 24 ಸದಸ್ಯರ ಸಭೆಯಿತ್ತು. ಈಗ ಅಲ್ಲಿ ಮಡಿಕೇರಿ, ವಿರಾಜಪೇಟೆ ಎರಡೇ. ಅದು ಹಳೆಯ ಕಾಲ ಎನ್ನಬಹುದು. ಹೊಸದನ್ನು ನೋಡಿ. ಜಮ್ಮು-ಕಾಶ್ಮೀರದಲ್ಲಿ 2022ರಲ್ಲಿ ಗಡಿ ಎಳೆದ ಆಯೋಗ, ದುರ್ಗಮ ಪ್ರದೇಶ ಎಂದು ಗುರೇಜ್‌ಗೆ 40 ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯಲ್ಲೇ ಒಂದು ಕ್ಷೇತ್ರ ಉಳಿಸಿತು. ಪಾಡ್ಡರ್ ಕಡೆ ಸುಮಾರು 51 ಸಾವಿರ ಜನರಿಗೆ ಒಂದು ಕ್ಷೇತ್ರ ಕೊಟ್ಟಿತು. ಹೆಚ್ಚುಕಡಿಮೆ ಜೋಯಿಡಾದಷ್ಟೇ ಜನ! ಗಡಿಯ ಕಾರಣ ಅಲ್ಲಿ ಬೇರೆ ಇದೆ, ಒಪ್ಪಿಕೊಳ್ಳೋಣ. ಆದರೆ 2002ರ ಕಾಯ್ದೆಯೂ ಭೌಗೋಳಿಕ ಲಕ್ಷಣ, ಸಂಪರ್ಕದ ಸೌಲಭ್ಯ, ಜನರ ಅನುಕೂಲ ನೋಡಬೇಕು ಎಂದೇ ಹೇಳುತ್ತದೆ. ಪೂರ್ತಿ ಶಾಸಕ ಸ್ಥಾನ ಸಿಗದೆ ಹೋದರೂ, ಯಾರ ಜೊತೆ ಸೇರಬೇಕು, ಹೆಸರಿನಲ್ಲಿ ಜೋಯಿಡಾ ಇರಬೇಕೇ ಎಂದು ಹೇಳುವ ಅವಕಾಶವಾದರೂ ಅಲ್ಲಿಯವರಿಗೆ ಇದೆ. ಹಿಂದಿನ ಸಲ ಆಯೋಗ ತನ್ನ ಕರಡನ್ನು ಗೆಜೆಟ್ಟಿನಲ್ಲಿ, ಪೇಪರುಗಳಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ದಿನ ಕೊಟ್ಟು, ಬಹಿರಂಗ ಸಭೆ ನಡೆಸಿತ್ತು. ಅಣಶಿ ಘಟ್ಟದ ಮೇಲಿನಿಂದ ಎಷ್ಟು ಹೆಂಗಸರು ಆ ಸಭೆಗೆ ಹೋಗಲು ಸಾಧ್ಯವಿತ್ತು, ನೀವೇ ಯೋಚಿಸಿ.

ಸಂವಿಧಾನದ 84ನೇ ತಿದ್ದುಪಡಿಯ ಪ್ರಕಾರ 2026ರ ನಂತರದ ಮೊದಲ ಜನಗಣತಿ ಬರುವವರೆಗೆ ಹಳೆಯ ಲೆಕ್ಕ. ನಮ್ಮ ಮೂರನೇ ಒಂದು ಮಹಿಳಾ ಮೀಸಲಾತಿ ಇದೆಯಲ್ಲ, 2023ರ 106ನೇ ತಿದ್ದುಪಡಿ, ಅದನ್ನೂ ಜನಗಣತಿ ಮುಗಿದ ಮೇಲಿನ ಕ್ಷೇತ್ರ ವಿಂಗಡಣೆಗೇ ಕಟ್ಟಿಹಾಕಿದ್ದಾರೆ. ಅಂದರೆ ಯಾವ ಗಡಿ ಎಲ್ಲಿ ಬೀಳುತ್ತದೆ ಎನ್ನುವುದು ಈ ಸಲ ಹೆಂಗಸರಿಗೆ ಎರಡು ರೀತಿಯಲ್ಲಿ ಸಂಬಂಧಪಟ್ಟ ವಿಷಯ.

ನಾನು ಜೋಯಿಡಾದ ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡಿ, ಕರಡು ಬಂದ ದಿನವೇ ಸ್ವಸಹಾಯ ಸಂಘದ ಸಭೆಯಲ್ಲಿ ಓದಿ ಹೇಳಿ ಎಂದಿದ್ದೇನೆ. ನಿಮ್ಮಲ್ಲಿ ಮಲೆನಾಡಿನವರು, ಕೊಡಗಿನವರು, ರಾಯಚೂರಿನ ದೂರದ ಹಳ್ಳಿಗಳವರು ಇದ್ದೀರಿ. ತವರಿನಲ್ಲಿ ಯಾರಿದ್ದಾರೋ ಅವರಿಗೆ ಒಂದು ಫೋನು ಹಾಕಿ. ಆಕ್ಷೇಪಣೆ ಬರೆಯುವುದು ಹೇಗೆ ಎಂದು ಕೇಳಿದರೆ ನನ್ನ ಹತ್ತಿರ ಕಳಿಸಿ, ಅರ್ಜಿ ಬರೆದುಕೊಡುವ ಕೆಲಸ ನನಗೆ ಅಭ್ಯಾಸ ಇದೆ. ಈಗ ಪ್ರಶ್ನೆಗಳಿದ್ದರೆ ಕೇಳಿ.